ಘರ್ಷಣೆ ಬಿಟ್ಟದ್ದು ಯಾಕೆ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದ ಭೌತಶಾಸ್ತ್ರದ ಮಾದರಿ ಲೆಕ್ಕಗಳನ್ನು ತಪ್ಪದೆ ನೋಡುತ್ತೇನೆ. ಇದೇ ಪಾಠ ಮಾಡುವ ಕೆಲಸ ನನ್ನದು. ಡಿಕ್ಕಿಯ ಲೆಕ್ಕ ಬಂದಾಗಲೆಲ್ಲ ‘ಘರ್ಷಣೆಯನ್ನು ಕಡೆಗಣಿಸಿ’ ಅಂತ ಒಂದು ಸಾಲು ಇರುತ್ತದೆ (ಘರ್ಷಣೆ ಅಂದರೆ ಮೇಲ್ಮೈಗಳು ಒಂದಕ್ಕೊಂದು ಉಜ್ಜುವಾಗ ಬರುವ ತಡೆ). ಯಾಕೆ ಅಂತ ಮಾತ್ರ ಇರುವುದಿಲ್ಲ. ಮಕ್ಕಳು ಅದನ್ನೇ ಬಾಯಿಪಾಠ ಮಾಡಿಕೊಂಡು, ಬಿಡಬಾರದ ಕಡೆಯೂ ಬಿಟ್ಟುಬಿಡುತ್ತಾರೆ.

ಈ ಲೆಕ್ಕ ನೋಡಿ. 10 ಗ್ರಾಂ ತೂಕದ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಅಡ್ಡಲಾಗಿ ಬಂದು, ಮೇಜಿನ ಮೇಲಿನ 1.99 ಕೆ.ಜಿ. ಮರದ ತುಂಡಿನೊಳಗೆ ಹೊಕ್ಕು ನಿಲ್ಲುತ್ತದೆ. ಘರ್ಷಣಾ ಗುಣಾಂಕ 0.4, ಅಂದರೆ ಮೇಲ್ಮೈಗಳು ಒಂದನ್ನೊಂದು ಒತ್ತುವ ಬಲದ 0.4 ಪಟ್ಟು ಘರ್ಷಣೆ. ಗುರುತ್ವ ವೇಗೋತ್ಕರ್ಷ 10 ಅಂತ ಹಿಡಿದರೆ ಘರ್ಷಣೆಯ ಬಲ ಸುಮಾರು 8 ನ್ಯೂಟನ್. ಗುಂಡು ಹೊಕ್ಕು ನಿಲ್ಲಲು ಒಂದು ಮಿಲಿಸೆಕೆಂಡ್ ಬೇಕಾಯಿತು ಅನ್ನಿ. ಅಷ್ಟರಲ್ಲಿ ಘರ್ಷಣೆಯ ಇಂಪಲ್ಸ್ (ಬಲವನ್ನು ಕಾಲದಿಂದ ಗುಣಿಸಿದ್ದು, ಸಂವೇಗ ಬದಲಾಗುವುದು ಅಷ್ಟೇ) 0.008 ನ್ಯೂಟನ್ ಸೆಕೆಂಡ್. ಗುಂಡು ತಂದ ಸಂವೇಗ (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು) 4. ಐನೂರರಲ್ಲಿ ಒಂದು ಪಾಲು! ಧಾರಾಳವಾಗಿ ಬಿಡಬಹುದು. ಎರಡೂ ಸೇರಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಡುತ್ತವೆ. ಆಮೇಲೆ ಅದೇ 8 ನ್ಯೂಟನ್‌ಗೆ ಅರ್ಧ ಸೆಕೆಂಡ್ ಕಾಲಾವಕಾಶ ಸಿಗುತ್ತದೆ. ಆಗ ಆ 4ನ್ನೂ ಪೂರ್ತಿ ತಿಂದುಹಾಕುತ್ತದೆ. ತುಂಡು ಅರ್ಧ ಮೀಟರ್ ಜಾರಿ ನಿಲ್ಲುತ್ತದೆ. (ಡಿಕ್ಕಿಯಲ್ಲೂ ಚಲನಶಕ್ತಿ ಉಳಿಯಿತು ಅಂತ ಲೆಕ್ಕ ಹಾಕಿದವರು ಕೆಟ್ಟರು. 800 ಜೂಲ್‌ನಲ್ಲಿ ಉಳಿದದ್ದು ಬರೀ 4.)

ಮಕ್ಕಳು ನಿಜವಾಗಿ ಎಡವುವುದು ನೆಲಕ್ಕೆ ಓರೆಯಾಗಿ ಬಡಿಯುವ ಚೆಂಡಿನ ಲೆಕ್ಕದಲ್ಲಿ. ‘ಡಿಕ್ಕಿಯ ಹೊತ್ತು ತೀರಾ ಕಡಿಮೆ, ಆದ್ದರಿಂದ ಅಡ್ಡ ವೇಗ ಹಾಗೇ ಇರುತ್ತದೆ’ ಅಂತ ಜಾಣ ಮಕ್ಕಳೂ ಬರೆಯುತ್ತಾರೆ. ಆದರೆ ಆ ಕ್ಷಣ ನೆಲ ಚೆಂಡನ್ನು ತಳ್ಳುವ ಬಲ ಅದರ ತೂಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದು ಏರಿದಂತೆ ಘರ್ಷಣೆಯೂ ಏರುತ್ತದೆ ಅಲ್ವಾ? ಚೆಂಡು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೆಳಗೆ ಬಂದು 3ರಲ್ಲಿ ಮೇಲೆದ್ದರೆ, ಲಂಬ ವೇಗದ ಬದಲಾವಣೆ 8. ಗುಣಾಂಕ 0.25 ಇದ್ದು, ತಾಗಿರುವಷ್ಟು ಹೊತ್ತೂ ಚೆಂಡು ಜಾರುತ್ತಿದ್ದರೆ, ಅಡ್ಡ ವೇಗದಲ್ಲಿ ಆ 8ರ ಕಾಲು ಪಾಲು, ಅಂದರೆ 2 ಕಡಿಮೆಯಾಗುತ್ತದೆ. ಅಡ್ಡ ವೇಗ 10 ಇದ್ದಿದ್ದರೆ 8 ಆಯಿತು. ಡಿಕ್ಕಿಯ ಹೊತ್ತು ಇನ್ನೂ ಹತ್ತು ಪಟ್ಟು ಕಡಿಮೆಯಾದರೂ ಉತ್ತರ ಇದೇ. ಚೆಂಡಿನ ತೂಕ ಕೂಡ ಬೇಕಾಗಿಲ್ಲ!

ಆದ್ದರಿಂದ ದಯವಿಟ್ಟು ಪ್ರತಿ ಉತ್ತರದ ಜೊತೆಗೆ, ಘರ್ಷಣೆಯನ್ನು ಬಿಟ್ಟಿದ್ದರೆ ಯಾವ ಬಲದಿಂದ ಬಂದ ಘರ್ಷಣೆ, ಎಷ್ಟು ಹೊತ್ತಿನದು ಅಂತ ಒಂದು ಸಾಲು ಸೇರಿಸಿ. ಜಾಗ ಸಾಲದಿದ್ದರೆ ಒಂದು ಲೆಕ್ಕ ಕಡಿಮೆ ಮಾಡಿ, ಪರವಾಗಿಲ್ಲ.

ಇಂತಿ,
ಒಬ್ಬ ಭೌತಶಾಸ್ತ್ರ ಉಪನ್ಯಾಸಕಿ