ಡಬ್ಬಿಯಲ್ಲಿದ್ದ ಅರ್ಧ ಮಾತ್ರೆಗಳು

ಪ್ರೀತಿಯ ಮಗಳೇ,

ಕಳೆದ ವಾರ ನಿನ್ನ ಮನೆಗೆ ಬಂದಿದ್ದಾಗ ತಲೆನೋವಿಗೆ ಏನಾದರೂ ಸಿಕ್ಕೀತೆಂದು ನಿನ್ನ ಮೇಜಿನ ಖಾನೆಯನ್ನು ತೆರೆದೆ. ಕೇಳದೆ ತೆರೆದದ್ದು ತಪ್ಪು, ಕ್ಷಮಿಸು. ಅಲ್ಲಿದ್ದ ಚಿಕ್ಕ ಡಬ್ಬಿಯಲ್ಲಿ, ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ಹೊಯ್ದಾಡುವ ನಿನ್ನ ಬೈಪೋಲಾರ್ ಕಾಯಿಲೆಗೆ ಕೊಟ್ಟ ಲಿಥಿಯಂ ಮಾತ್ರೆಗಳು ಚಾಕುವಿನಿಂದ ಕತ್ತರಿಸಿದ ಸ್ಥಿತಿಯಲ್ಲಿದ್ದವು. ಹೋಳುಗಳು ಒಂದೇ ಅಳತೆಯವಾಗಿರಲಿಲ್ಲ, ತಳದಲ್ಲಿ ಬಿಳಿ ಪುಡಿ ಉದುರಿತ್ತು. ಪಕ್ಕದಲ್ಲಿದ್ದ, ಅದೇ ಕಾಯಿಲೆಯ ಇನ್ನೊಂದು ಔಷಧಿಯಾದ ಲ್ಯಾಮೋಟ್ರಿಜಿನ್ ಸ್ಟ್ರಿಪ್ಪಿನಲ್ಲಿ ಹಿಂದಿನ ತಿಂಗಳೇ ಮುಗಿಯಬೇಕಿದ್ದ ಮಾತ್ರೆಗಳು ಇನ್ನೂ ಉಳಿದಿದ್ದವು. ಕೆಲಸ ಹೋಗಿ, ಅದರೊಂದಿಗೆ ಆರೋಗ್ಯ ವಿಮೆಯೂ ಹೋದ ಮೇಲೆ ಔಷಧಿಯ ಖರ್ಚಿಗೆ ಏನು ಮಾಡುತ್ತಿದ್ದೀಯೆಂದು ನಾನು ಕೇಳಿದಾಗಲೆಲ್ಲ ಹೇಗೋ ನಡೆಯುತ್ತಿದೆ ಎನ್ನುತ್ತಿದ್ದೆಯಲ್ಲ, ಅದರ ಅರ್ಥ ಅಂದು ತಿಳಿಯಿತು.

ನಿನ್ನನ್ನು ಗದರಿಸಲು ಇದನ್ನು ಬರೆಯುತ್ತಿಲ್ಲ. ಕೈಯಲ್ಲಿ ದುಡ್ಡಿಲ್ಲದಾಗ ಮನುಷ್ಯರು ಮೊದಲು ಕಡಿಮೆ ಮಾಡುವುದು ತಮ್ಮ ಮಾತ್ರೆಯನ್ನೇ, ಏಕೆಂದರೆ ಅದರ ಕೊರತೆ ಅಂದೇ ಕಾಣಿಸುವುದಿಲ್ಲ. ಆದರೆ ಲಿಥಿಯಂ ತಟ್ಟನೆ ನಿಂತರೆ ಉನ್ಮಾದ ಮರುಕಳಿಸುವ ಅಪಾಯ ಹೆಚ್ಚು. ನಾಲ್ಕು ರಾತ್ರಿ ಕಣ್ಣು ಮುಚ್ಚದೆ ಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಮತ್ತೆ ಮತ್ತೆ ಜೋಡಿಸುತ್ತಿದ್ದ ನಿನ್ನನ್ನು ನಾನು ನೋಡಿದ್ದೇನೆ. ಆ ಬಾರಿ ಆಸ್ಪತ್ರೆಗೆ ಕಟ್ಟಿದ ಹಣದಲ್ಲಿ ಎಷ್ಟೋ ವರ್ಷಗಳ ಮಾತ್ರೆ ಬರುತ್ತಿತ್ತು.

ಒಂದು ವಿಷಯವನ್ನು ನೀನು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ನಿನ್ನ ಔಷಧಿ ಚೀಟಿಯಲ್ಲಿರುವ ಮೂರು ಔಷಧಿಗಳಲ್ಲಿ ನೀನು ಕತ್ತರಿಸುತ್ತಿರುವುದು ಎಲ್ಲಕ್ಕಿಂತ ಅಗ್ಗವಾದುದನ್ನು. ಉನ್ಮಾದಕ್ಕೆ ಲಿಥಿಯಂ ಕೆಲಸ ಮಾಡುತ್ತದೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಅದು ಪ್ರಕೃತಿಯಲ್ಲೇ ಸಿಗುವ ಧಾತುವಾದ್ದರಿಂದ ಯಾವ ಕಂಪನಿಯೂ ಅದನ್ನು ತನ್ನದೆಂದು ಪೇಟೆಂಟ್ ಮಾಡಿಕೊಂಡು ಕೂರಲು ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಲ್ಯಾಮೋಟ್ರಿಜಿನ್ ಕೂಡ ಪೇಟೆಂಟ್ ಮುಗಿದ ಔಷಧಿಯೇ. ನಿನ್ನ ಕೈ ಸುಡುತ್ತಿರುವುದು ಕಳೆದ ವರ್ಷ ಸೇರಿಸಿದ ಆ ಮೂರನೆಯ, ಹೊಸ ಬ್ರ್ಯಾಂಡಿನ ಮಾತ್ರೆ. ಮೊದಲು ಉಚಿತ ಸ್ಯಾಂಪಲ್ ಕೊಟ್ಟಾಗ ನಾವಿಬ್ಬರೂ ಸಂತೋಷಪಟ್ಟೆವು, ಆಮೇಲಿನ ಬೆಲೆ ಎಷ್ಟೆಂದು ಕೇಳಲಿಲ್ಲ. ಅದರ ಬದಲು ರಿಸ್ಪೆರಿಡೋನ್ ಅಥವಾ ಕ್ವೆಟಿಯಾಪಿನ್‌ನಂತಹ, ಪೇಟೆಂಟ್ ಮುಗಿದು ಹಲವು ಕಂಪನಿಗಳು ತಯಾರಿಸುವ ಜೆನೆರಿಕ್ ರೂಪದಲ್ಲಿ ಸಿಗುವ ಹಳೆಯ ಔಷಧಿ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಬೇಕು. ತೂಕ ಏರುವುದು, ಸಕ್ಕರೆ ಅಂಶ ಹೆಚ್ಚುವುದು ಮುಂತಾದ ತೊಂದರೆಗಳು ಅವುಗಳಲ್ಲೂ ಇವೆ, ಆದ್ದರಿಂದ ನಿನಗೆ ಯಾವುದು ಹೊಂದುತ್ತದೆಂಬುದನ್ನು ಅವರೇ ತೀರ್ಮಾನಿಸಲಿ. ಬದಲಾಯಿಸಲಾಗದು ಎಂದರೆ, ತಯಾರಿಸುವ ಕಂಪನಿ ವಿಮೆಯಿಲ್ಲದ ರೋಗಿಗಳಿಗೆ ರಿಯಾಯಿತಿ ಕೊಡುತ್ತದೆಯೇ ಎಂದು ವಿಚಾರಿಸೋಣ. ಇಂಥ ಅರ್ಜಿಗಳನ್ನು ತುಂಬಿಸಲು ಆಸ್ಪತ್ರೆಯ ಸಮಾಜ ಕಾರ್ಯಕರ್ತರು ನೆರವಾಗುತ್ತಾರೆ.

ಜೆನೆರಿಕ್ ಎಂದರೆ ಕಳಪೆ ಎಂಬ ಅಳುಕು ಬೇಡ. ಅದರಲ್ಲಿರುವುದು ಅದೇ ಔಷಧಿ. ಮೊದಲ ಕಂಪನಿ ನಡೆಸಿದ ದೊಡ್ಡ ಪ್ರಯೋಗಗಳನ್ನೆಲ್ಲ ಮತ್ತೆ ನಡೆಸಬೇಕಿಲ್ಲದ್ದರಿಂದ ಮತ್ತು ಹಲವರು ಪೈಪೋಟಿಯಿಂದ ತಯಾರಿಸುವುದರಿಂದ ಬೆಲೆ ಇಳಿಯುತ್ತದೆ. ಆದರೂ ಲಿಥಿಯಂನಂಥ ಔಷಧಿಯಲ್ಲಿ ಪ್ರತಿ ತಿಂಗಳೂ ತಯಾರಕರನ್ನು ಬದಲಿಸದೆ ಒಬ್ಬರದಕ್ಕೇ ಅಂಟಿಕೊಳ್ಳುವುದು ಒಳ್ಳೆಯದು.

ಮಾತ್ರೆಯನ್ನು ಅರ್ಧ ಮಾಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಕೆಲವು ಔಷಧಿಗಳಲ್ಲಿ ಎರಡು ಪಟ್ಟು ಶಕ್ತಿಯ ಮಾತ್ರೆಗೂ ಸಣ್ಣದಕ್ಕೂ ಬೆಲೆಯಲ್ಲಿ ಅಂತಹ ಅಂತರ ಇರುವುದಿಲ್ಲ. ಆಗ ನಡುವೆ ಗೀರು ಇರುವ ದೊಡ್ಡ ಮಾತ್ರೆಯನ್ನು ಬರೆದುಕೊಟ್ಟು ಅರ್ಧ ಮಾಡಿ ನುಂಗಲು ವೈದ್ಯರೇ ಹೇಳಬಹುದು. ಅಲ್ಲಿ ಖರ್ಚು ಹೆಚ್ಚುಕಡಿಮೆ ಅರ್ಧವಾಗುತ್ತದೆ, ದೇಹಕ್ಕೆ ಹೋಗುವ ಪ್ರಮಾಣ ಅಷ್ಟೇ ಇರುತ್ತದೆ. ನೀನು ಅರ್ಧ ಮಾಡಿದ್ದು ಪ್ರಮಾಣವನ್ನೇ. ಅಲ್ಲದೆ ನಿಧಾನವಾಗಿ ಕರಗಲೆಂದೇ ತಯಾರಿಸಿದ ಎಷ್ಟೋ ಮಾತ್ರೆಗಳನ್ನು ಕತ್ತರಿಸಿದರೆ ಔಷಧಿ ಒಮ್ಮೆಲೇ ದೇಹಕ್ಕೆ ಸೇರುತ್ತದೆ.

ಲ್ಯಾಮೋಟ್ರಿಜಿನ್ ವಿಷಯ ನನ್ನನ್ನು ಇನ್ನೂ ಹೆಚ್ಚು ಕಾಡುತ್ತಿದೆ. ಅದು ಸತತವಾಗಿ ಕೆಲವು ದಿನ ತಪ್ಪಿದ್ದರೆ ಮತ್ತೆ ಹಳೆಯ ಪ್ರಮಾಣದಿಂದಲೇ ಆರಂಭಿಸಬಾರದು. ಪ್ರಾಣಕ್ಕೆ ಎರವಾಗಬಲ್ಲ ಚರ್ಮದ ದದ್ದು ಅಪರೂಪಕ್ಕಾದರೂ ಬರುವುದುಂಟು, ಆದ್ದರಿಂದ ಚಿಕ್ಕ ಪ್ರಮಾಣದಿಂದ ವಾರಗಟ್ಟಲೆ ಏರಿಸುತ್ತಾ ಹೋಗಬೇಕಾಗುತ್ತದೆ. ಇದನ್ನು ಓದಿದ ಕೂಡಲೇ ಗಾಬರಿಯಿಂದ ಪೂರ್ತಿ ಮಾತ್ರೆ ನುಂಗಬೇಡ, ಮೊದಲು ವೈದ್ಯರಿಗೆ ಫೋನ್ ಮಾಡು.

ರಕ್ತಪರೀಕ್ಷೆಯನ್ನೂ ಮುಂದೂಡಬೇಡ. ಲಿಥಿಯಂನಲ್ಲಿ ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಇರುವ ಅಂತರ ಕಡಿಮೆ. ವಾಂತಿಭೇದಿಯಾದರೂ, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಿದರೂ ಆ ಮಟ್ಟ ಏರಬಹುದು. ಲಿಥಿಯಂ ಮೂತ್ರಪಿಂಡ ಮತ್ತು ಥೈರಾಯ್ಡ್ ಮೇಲೂ ಪರಿಣಾಮ ಬೀರಬಹುದಾದ್ದರಿಂದ ಆ ಪರೀಕ್ಷೆಗಳೂ ಬೇಕು. ಸ್ಥಿತಿ ನೆಲೆಗೊಂಡ ಮೇಲೆ ಭೇಟಿಗಳ ನಡುವಿನ ಅಂತರವನ್ನು ಹೆಚ್ಚಿಸಬಹುದೇ ಎಂದು ಕೇಳಿದರೆ ಅಲ್ಲಿ ಸ್ವಲ್ಪ ಉಳಿದೀತು.

ವೈದ್ಯರ ಮುಂದೆ ದುಡ್ಡಿಲ್ಲವೆಂದು ಹೇಳಲು ನಾಲಿಗೆ ಏಳುವುದಿಲ್ಲವೆಂದು ನನಗೆ ಗೊತ್ತು. ನೀನು ಹೇಳದೇ ಹೋದರೆ, ಔಷಧಿ ನಾಟುತ್ತಿಲ್ಲವೆಂದು ಭಾವಿಸಿ ಅವರು ಇನ್ನೊಂದನ್ನು ಸೇರಿಸಿಯಾರು, ಖರ್ಚು ಮತ್ತೂ ಏರೀತು. ಬೇಕಿದ್ದರೆ ನಾನೇ ಪಕ್ಕದಲ್ಲಿ ಕುಳಿತು ಆ ಮಾತನ್ನು ಎತ್ತುತ್ತೇನೆ.

ಎಂದಿನಿಂದ ಅರ್ಧ ನುಂಗುತ್ತಿದ್ದೀಯೆ, ಯಾವ ಯಾವ ದಿನ ಬಿಟ್ಟಿದ್ದೀಯೆ ಎಂಬುದನ್ನು ಮರೆಮಾಚದೆ ಒಂದು ಹಾಳೆಯಲ್ಲಿ ಬರೆದಿಡು. ಡಬ್ಬಿಯನ್ನೂ ಸ್ಟ್ರಿಪ್ಪನ್ನೂ ಎಸೆಯಬೇಡ, ಅವನ್ನು ಹಾಗೆಯೇ ವೈದ್ಯರಿಗೆ ತೋರಿಸೋಣ. ಈ ಸಲದ ರಕ್ತಪರೀಕ್ಷೆಯ ಹಣವನ್ನು ತೆಗೆದಿಟ್ಟಿದ್ದೇನೆ. ನಿನಗೆ ಯಾವ ದಿನ ಅನುಕೂಲವೆಂದು ತಿಳಿಸು, ನಾನು ಹಿಂದಿನ ರಾತ್ರಿಯೇ ಬರುತ್ತೇನೆ.

ನಿನ್ನ ಅಮ್ಮ