ತಮ್ಮಾ, ಆ ಹನ್ನೆರಡು ಬೈಟ್ ಕೈಯಿಂದ ನಡೆಸಿ ನೋಡು

ಬೆಟಗೇರಿ, ಗದಗ

ಪ್ರೀತಿಯ ತಮ್ಮಾ,

ಆಶೀರ್ವಾದ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನಿನ್ನೆ ಫೋನಿನಲ್ಲಿ ನೀನು ಆಡಿದ ಮಾತು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. "ಚಿಗವ್ವಾ, ಈ ಕಂಪ್ಯೂಟರ್ ಆರ್ಗನೈಸೇಶನ್ ಹಳೇ ಸಬ್ಜೆಕ್ಟು. ನಾನು ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವನು. ಹಿಂದಿನ ಪ್ರಶ್ನೆ ಪತ್ರಿಕೆ ಬಾಯಿಪಾಠ ಮಾಡಿ ಪಾಸಾದರೆ ಸಾಕು" ಅಂದೆ. ಕಂಪ್ಯೂಟರಿನ ಒಳಗೆ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುವ ಪಾಠವನ್ನೇ ಹೀಗಂದೆ. ಇಂಟರ್ನಲ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂದ ಬೇಜಾರಿಗೆ ಹಾಗಂದೆ ಅಂತ ಗೊತ್ತು. ಅದಕ್ಕೇ ಆಗ ವಾದ ಮಾಡಲಿಲ್ಲ. ಈಗ ಸಮಾಧಾನದಿಂದ ಬರೆಯುತ್ತಿದ್ದೇನೆ.

ಡಿಪ್ಲೊಮಾ ಓದುವಾಗ ನಾನೂ ಹಾಗೇ ಮಾಡಿದ್ದೆ. 8085 ಅನ್ನುವ ಹಳೇ ಪ್ರೊಸೆಸರಿನ ಲ್ಯಾಬ್ ಪ್ರೋಗ್ರಾಂಗಳನ್ನೆಲ್ಲ ಹೆಕ್ಸ್ ಕೋಡ್ (ಹದಿನಾರರ ಲೆಕ್ಕದಲ್ಲಿ ಬರೆದ ಆಜ್ಞೆಗಳ ಅಂಕಿ) ಸಮೇತ ಬಾಯಿಪಾಠ ಮಾಡಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬಂತು. ಎಲ್ಲಕ್ಕಿಂತ ಸುಲಭದ್ದು ಅದು. ಪ್ರೊಸೆಸರ್ ಕೂರಿಸಿದ ಲ್ಯಾಬ್ ಕಿಟ್ಟಿನ ಕೀ ಒತ್ತಿ ಒಂದೊಂದೇ ಕೋಡ್ ಹಾಕಿದೆ. ಗಡಿಬಿಡಿಯಲ್ಲಿ ಕೊನೆಯ 76 ಮರೆತೆ. 76 ಅಂದರೆ ಹಾಲ್ಟ್, ನಿಲ್ಲು ಅಂತ. ರನ್ ಕೊಟ್ಟೆ. ಡಿಸ್‌ಪ್ಲೇ ಮೇಲೆ ಏನೇನೋ ಬಂತು. ರೀಸೆಟ್ ಒತ್ತಿ ನೋಡಿದರೆ ನಾನು ಹಾಕಿದ ಕೋಡೇ ಅಲ್ಲಲ್ಲಿ ಬದಲಾಗಿತ್ತು. ಪರೀಕ್ಷಕರು ಬೈಯಲಿಲ್ಲ. "ಯಾಕೆ ಹೀಗಾಯಿತು, ಹೇಳಮ್ಮ" ಅಂತ ಕೇಳಿದರು, ಅಷ್ಟೇ. ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಎಲ್ಲಾ ಕೋಡ್ ಬರುತ್ತಿತ್ತು, ಒಳಗೆ ಏನು ನಡೆಯುತ್ತದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಆಮೇಲೆ, ನಿನ್ನ ಮುತ್ಯಾನ ಮಗ್ಗದ ಮುಂದೆ ಕೂತಾಗ. ಜಕಾರ್ಡ್ ಮಗ್ಗದ ಮೇಲೆ ತೂತು ಹಾಕಿದ ರಟ್ಟುಗಳ ಸಾಲು ಇರುತ್ತದಲ್ವಾ? ಯಾವ ಎಳೆ ಮೇಲೇಳಬೇಕು ಅಂತ ಹೇಳುವುದು ಆ ತೂತು. ಫ್ರಾನ್ಸಿನಲ್ಲಿ ಜಕಾರ್ಡ್ 1804ರಲ್ಲಿ ಮಾಡಿದ ಉಪಾಯ ಅದು. ಆಮೇಲೆ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ಅಂಥದೇ ರಟ್ಟು ಬೇಕು ಅಂದುಕೊಂಡ. ಆದರೆ ಮಗ್ಗದಲ್ಲಿ ರಟ್ಟು ಬೇರೆ, ನೂಲು ಬೇರೆ. ಎಷ್ಟೇ ತಪ್ಪಾದರೂ ಮಗ್ಗ ನೂಲನ್ನು ರಟ್ಟು ಅಂತ ಓದುವುದಿಲ್ಲ. ಕಂಪ್ಯೂಟರಿನಲ್ಲಿ ಹಾಗಿಲ್ಲ. 1945ರಲ್ಲಿ ಗಣಿತಜ್ಞ ಫಾನ್ ನಾಯ್ಮನ್ ಕಂಪ್ಯೂಟರಿನ ರಚನೆ ಬಗ್ಗೆ ಬರೆದ ವರದಿಯಲ್ಲಿ ಆಜ್ಞೆಯೂ ಅಂಕಿಯೂ ಒಂದೇ ಮೆಮೊರಿಯಲ್ಲಿ ಇರುತ್ತವೆ. ನಿನ್ನ ಲ್ಯಾಪ್‌ಟಾಪಿನಲ್ಲೂ ಇವತ್ತಿಗೂ ಹಾಗೇ. ಮೆಮೊರಿಯಲ್ಲಿರುವ 76 'ನಿಲ್ಲು' ಅನ್ನುವ ಆಜ್ಞೆಯೋ, ನಮ್ಮ ಹತ್ತರ ಲೆಕ್ಕದ 118 ಅನ್ನುವ ಅಂಕಿಯೋ? ಅದನ್ನು ನೋಡಿ ಹೇಳಲು ಬರುವುದಿಲ್ಲ. ಮುಂದಿನ ಆಜ್ಞೆಯ ಅಡ್ರೆಸ್ ಹಿಡಿದಿರುವ ಪ್ರೋಗ್ರಾಂ ಕೌಂಟರ್ ಅಲ್ಲಿಗೆ ಬಂದರೆ ಅದು ಆಜ್ಞೆ. ಆಜ್ಞೆಯೊಂದು ಅದನ್ನು ಓದಿಕೊಂಡರೆ ಅಂಕಿ. ನನ್ನ ಕಿಟ್ಟಿನಲ್ಲಿ ಆದದ್ದೂ ಅದೇ. ನಿಲ್ಲು ಅಂತ ಯಾರೂ ಹೇಳದ ಕಾರಣ ಕೌಂಟರ್ ಮುಂದಕ್ಕೇ ಹೋಯಿತು. ಅಲ್ಲಿದ್ದ ಕಸವನ್ನೆಲ್ಲ ಆಜ್ಞೆ ಅಂತ ನಡೆಸಿತು. ಆ ಕಸದಲ್ಲೇ ಯಾವುದೋ ಒಂದು ನನ್ನ ಪ್ರೋಗ್ರಾಂ ಮೇಲೆ ಬರೆದುಬಿಟ್ಟಿತು.

ಅವತ್ತಿನಿಂದ ನಾನು ಓದುವ ರೀತಿ ಬದಲಾಯಿತು. ನಿನಗೂ ಅದನ್ನೇ ಹೇಳುತ್ತೇನೆ. ಒಂದು ಹಾಳೆ ತಗೋ, ಪೆನ್ಸಿಲ್ ತಗೋ. ಪಿಸಿ, ಐಆರ್, ಎ, ಬಿ, ಅಡ್ರೆಸ್ ಬಸ್, ಡೇಟಾ ಬಸ್ ಅಂತ ಆರು ಕಾಲಂ ಹಾಕು. ಪಿಸಿ ಅಂದರೆ ಪ್ರೋಗ್ರಾಂ ಕೌಂಟರ್, ಐಆರ್ ಅಂದರೆ ಈಗ ನಡೆಯುವ ಆಜ್ಞೆ ಇಡುವ ಜಾಗ, ಎ, ಬಿ ಅಂದರೆ ಪ್ರೊಸೆಸರಿನೊಳಗೆ ಅಂಕಿ ಇಡುವ ರಿಜಿಸ್ಟರುಗಳು, ಬಸ್ ಅಂದರೆ ಮೆಮೊರಿಗೆ ಹೋಗಿಬರುವ ತಂತಿಗಳು. 2000ನೇ ಅಡ್ರೆಸ್ಸಿನಿಂದ ಈ ಹನ್ನೆರಡು ಬೈಟ್ ಬರೆ: 3ಎ 50 20, 47, 3ಎ 51 20, 80, 32 52 20, 76. ಮೊದಲ ಅಂಕಿ ತಾ, ಬಿ ರಿಜಿಸ್ಟರಿಗೆ ಹಾಕು, ಎರಡನೆಯದು ತಾ, ಕೂಡಿಸು, ಉತ್ತರ ಇಡು, ನಿಲ್ಲು. ಅಷ್ಟೇ ಕೆಲಸ. 2050 ಅನ್ನುವ ಅಡ್ರೆಸ್ 50 20 ಅಂತ ತಿರುಗಿ ಕೂತಿದೆ, ನೋಡು. ಸಣ್ಣ ಅರ್ಧ ಮೊದಲು ಬರುತ್ತದೆ. ಲಿಟಲ್ ಎಂಡಿಯನ್ ಅಂತ ನೀನು ಬಾಯಿಪಾಠ ಮಾಡಿದ್ದು ಇದನ್ನೇ.

ಈಗ ಒಂದೊಂದೇ ಹೆಜ್ಜೆ ನಡೆಸು. ಪ್ರತಿ ಸಲ ಬಸ್ ಮೇಲೆ ಏನು ಹೋಯಿತು, ಯಾವ ರಿಜಿಸ್ಟರ್ ಬದಲಾಯಿತು ಅಂತ ಬರೆ. ಒಂದು ತಾಸು ಬೇಕು. ಬೇಸರ ಬರುತ್ತದೆ, ಆದರೂ ಬಿಡಬೇಡ. ಮುಗಿಸಿದ ಮೇಲೆ ಎಣಿಸಿ ನೋಡು. ಒಂದೇ ಒಂದು ಕೂಡಿಕೆಗೆ ಪ್ರೊಸೆಸರ್ ಮೆಮೊರಿಯ ಬಾಗಿಲಿಗೆ 15 ಸಲ ಹೋಗಿರುತ್ತದೆ. ಒಟ್ಟು 52 ಟಿ-ಸ್ಟೇಟ್, ಅಂದರೆ 52 ಗಡಿಯಾರದ ಬಡಿತ. ಅದರಲ್ಲಿ ಕೂಡಿಸುವ ಆಜ್ಞೆಗೆ 4 ಮಾತ್ರ. ತರುವುದು, ಇಡುವುದು ಮಾಡುವ ಮೂರು ಆಜ್ಞೆಗಳಿಗೆ ತಲಾ 13, ಅಂದರೆ 39. ಆ ಹಾಳೆ ನೋಡಿ ನಾನು ಬೆರಗಾಗಿದ್ದೆ. ಕಂಪ್ಯೂಟರ್ ಅಂದರೆ ಲೆಕ್ಕ ಮಾಡುವುದು ಅಂದುಕೊಂಡಿದ್ದೆ. ಅದರ ಹೊತ್ತೆಲ್ಲ ಹೋಗುವುದು ಸಾಮಾನು ಹೊರುವುದರಲ್ಲೇ.

ಹಳೇ ಸಬ್ಜೆಕ್ಟು ಅಂದೆಯಲ್ಲ, ಈ ತೊಂದರೆ ಈಗ ಜಾಸ್ತಿಯೇ ಆಗಿದೆ. 8085ರ ಒಂದು ಗಡಿಯಾರದ ಬಡಿತ ಸುಮಾರು ಮೈಕ್ರೋಸೆಕೆಂಡಿನ ಮೂರನೇ ಒಂದು ಭಾಗ. ನಿನ್ನ ಲ್ಯಾಪ್‌ಟಾಪ್ 3 ಗಿಗಾಹರ್ಟ್ಸ್ ಇದ್ದರೆ ಅದರ ಬಡಿತ ನ್ಯಾನೋಸೆಕೆಂಡಿನ ಮೂರನೇ ಒಂದು ಭಾಗ. ಆದರೆ ಮುಖ್ಯ ಮೆಮೊರಿಯಿಂದ ಒಂದು ಅಂಕಿ ಬರಲು ಇನ್ನೂ ಸುಮಾರು 100 ನ್ಯಾನೋಸೆಕೆಂಡ್ ಬೇಕು. ಅಂದರೆ ಸುಮಾರು 300 ಬಡಿತ ಕಾಯಬೇಕು. ಪ್ರೊಸೆಸರ್ ಪಕ್ಕದಲ್ಲೇ ಕ್ಯಾಶ್ ಅನ್ನುವ ಸಣ್ಣ, ವೇಗದ ಮೆಮೊರಿ ಇರುವುದು ಅದಕ್ಕೇ. ನಿಮ್ಮವ್ವ ಬ್ಯಾಡಗಿ ಮೆಣಸಿನಕಾಯಿ ತರುವಾಗ ಒಂದೊಂದೇ ಕಾಯಿ ತರುತ್ತಾಳೇನು? ಚೀಲ ತಂದು, ಒಂದಿಷ್ಟು ಒಲೆ ಪಕ್ಕದ ಡಬ್ಬಿಗೆ ಹಾಕುತ್ತಾಳೆ. ಪ್ರೊಸೆಸರೂ ಒಂದು ಅಂಕಿ ಕೇಳಿದರೆ ಅಕ್ಕಪಕ್ಕದ್ದನ್ನೂ ಸೇರಿಸಿ ಸಾಮಾನ್ಯವಾಗಿ 64 ಬೈಟ್ ಒಟ್ಟಿಗೆ ತರುತ್ತದೆ.

ಇದನ್ನು ನಂಬಬೇಡ, ಅಳೆದು ನೋಡು. ಸಿ ಭಾಷೆಯಲ್ಲಿ 4096 ಅಡ್ಡಸಾಲು, 4096 ಕಂಬಸಾಲಿನ ಇಂಟ್ ಅರೇ ಮಾಡು. 64 ಎಂಬಿ ಆಗುತ್ತದೆ. ಅದನ್ನು ಫಂಕ್ಷನ್ ಹೊರಗೆ ಬರೆ, ಒಳಗೆ ಬರೆದರೆ ಸ್ಟ್ಯಾಕ್ ಸಾಲದೆ ಪ್ರೋಗ್ರಾಂ ಬೀಳುತ್ತದೆ. ಮೊದಲು ಎಲ್ಲಾ ಅಂಕಿಗಳನ್ನು ತುಂಬು. ಆಮೇಲೆ ಒಂದು ಸಲ ಅಡ್ಡಸಾಲು ಹಿಡಿದು ಕೂಡಿಸು, ಇನ್ನೊಂದು ಸಲ ಕಂಬಸಾಲು ಹಿಡಿದು ಕೂಡಿಸು. ಕಂಪೈಲರಿನ ಆಪ್ಟಿಮೈಸೇಶನ್ ಆಫ್ ಇಡು. ಅವೇ ಅಂಕಿ, ಅದೇ ಮೊತ್ತ. ಹೊತ್ತು ಮಾತ್ರ ಬೇರೆ ಬರುತ್ತದೆ, ಯಾಕೆಂದರೆ ಸಿ ಭಾಷೆ ಒಂದು ಅಡ್ಡಸಾಲಿನ ಅಂಕಿಗಳನ್ನು ಮೆಮೊರಿಯಲ್ಲಿ ಅಕ್ಕಪಕ್ಕ ಇಡುತ್ತದೆ. ಎಷ್ಟು ಪಟ್ಟು ಅಂತ ನೀನೇ ನನಗೆ ಹೇಳಬೇಕು. ಸಾಫ್ಟ್‌ವೇರಿನವನಿಗೆ ಇದು ಬೇಡ ಅಂತ ಆಮೇಲೂ ಅನಿಸಿದರೆ ನಾನು ಸುಮ್ಮನಾಗುತ್ತೇನೆ.

ಪೈಪ್‌ಲೈನ್ ತಲೆಗೆ ಹೋಗುತ್ತಿಲ್ಲ ಅಂದಿದ್ದೆ. ಆಜ್ಞೆಗಳನ್ನು ಹಂತ ಹಂತವಾಗಿ ಒಂದರ ಹಿಂದೊಂದು ನಡೆಸುವುದೇ ಅದು. ಮನೆಯಲ್ಲಿ ಕಾರ್ಯ ಇದ್ದಾಗ ಒಬ್ಬಳು ಹಿಟ್ಟು ನಾದುತ್ತಾಳೆ, ಒಬ್ಬಳು ರೊಟ್ಟಿ ಬಡಿಯುತ್ತಾಳೆ, ಒಬ್ಬಳು ಬೇಯಿಸುತ್ತಾಳೆ. ಒಂದು ರೊಟ್ಟಿಗೆ ಹಿಡಿಯುವ ಹೊತ್ತು ಕಡಿಮೆ ಆಗಲಿಲ್ಲ. ಆದರೆ ಬುಟ್ಟಿಗೆ ಬೇಗ ಬೇಗ ಬೀಳುತ್ತವೆ. ಬೇಯಿಸುವವಳು ನಿಧಾನ ಆದರೆ ಉಳಿದಿಬ್ಬರೂ ಕಾಯಬೇಕು. ಇಷ್ಟು ಹಿಡಿದುಕೋ. ಹಜಾರ್ಡ್, ಅಂದರೆ ಒಂದು ಆಜ್ಞೆ ಇನ್ನೊಂದಕ್ಕೆ ಅಡ್ಡ ಬರುವುದು, ಬಂದಾಗ ಮಾತ್ರ ರೊಟ್ಟಿ ಬಿಟ್ಟು ಹಾಳೆಗೆ ಬಾ. ಯಾವ ಆಜ್ಞೆ ಯಾವ ಹಂತದಲ್ಲಿದೆ ಅಂತ ಚೌಕುಳಿ ಹಾಕಿ ಬರೆ. ಅಲ್ಲಿ ಹೋಲಿಕೆ ನಂಬಿದರೆ ದಾರಿ ತಪ್ಪುತ್ತದೆ.

ಇನ್‌ಪುಟ್-ಔಟ್‌ಪುಟ್ ಪಾಠಕ್ಕೆ ಹೆದರಬೇಡ, ಎರಡು ಸಲ ಓದಿದರೆ ಸಾಕು. 8085 ಆದಮೇಲೆ ರಿಸ್ಕ್-ಫೈವ್ ಅನ್ನುವ ಪ್ರೊಸೆಸರ್ ಆಜ್ಞೆಗಳ ಪಟ್ಟಿ ನೋಡು. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಯಾರು ಬೇಕಾದರೂ ಬಳಸಬಹುದು. ಐಐಟಿ ಮದ್ರಾಸಿನವರು ಶಕ್ತಿ ಪ್ರೊಸೆಸರ್ ಕಟ್ಟಿದ್ದು ಅದರ ಮೇಲೇ. ಅದರಲ್ಲೂ ತಾ, ತಾ, ಕೂಡಿಸು, ಇಡು ಅನ್ನುವ ನಡಿಗೆಯೇ ಕಾಣುತ್ತದೆ. ನಿನಗೆ ಗುರುತು ಸಿಗುತ್ತದೆ.

ತಮ್ಮಾ, ನಿನ್ನ ಮಾರ್ಕ್ಸಿನ ಚಿಂತೆ ನನಗಿಲ್ಲ. "ಯಾಕೆ ಹೀಗಾಯಿತು" ಅಂತ ಯಾರಾದರೂ ಕೇಳಿದಾಗ ನನ್ನ ಹಾಗೆ ನೀನು ಸುಮ್ಮನೆ ನಿಲ್ಲಬಾರದು ಅನ್ನುವುದೊಂದೇ ಆಸೆ. ಹನ್ನೆರಡು ಬೈಟಿನ ಹಾಳೆ ಮುಗಿಸಿ ಅದರ ಫೋಟೋ ಕಳಿಸು. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿಗೇ ನಿಲ್ಲಿಸಿ, ಭಾನುವಾರ ಹುಬ್ಬಳ್ಳಿಯಿಂದ ಬೆಳಗಿನ ರೈಲು ಹತ್ತಿ ಬಾ. ನನ್ನ ಹಳೇ ಲ್ಯಾಬ್ ರೆಕಾರ್ಡ್ ತೆಗೆದಿಟ್ಟಿದ್ದೇನೆ. 76 ಬಿಟ್ಟುಹೋದ ಪುಟ ಇನ್ನೂ ಅದರಲ್ಲಿದೆ.

ಊಟ ಸರಿಯಾಗಿ ಮಾಡು. ಅವ್ವನಿಗೆ ಫೋನ್ ಮಾಡುವುದು ಮರೆಯಬೇಡ.

ನಿನ್ನ,
ಚಿಗವ್ವ