ಶನಿವಾರದ ಕೊಲಂಬಸ್ ನಡಿಗೆ: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಊರಿನ ಕಟ್ಟಡಗಳನ್ನು ನೋಡುತ್ತಾ ನಡೆಯಲು ಶನಿವಾರ ಬೆಳಿಗ್ಗೆ 10ಕ್ಕೆ ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ, ಐದನೇ ಬೀದಿಯ ಲೈಬ್ರರಿ ಮುಂದೆ ಸೇರೋಣ. ಶಿಲ್ಪಿ ಹೆನ್ರಿ ಮೂರ್ ಮಾಡಿದ ದೊಡ್ಡ ಕಂಚಿನ ಕಮಾನು ಅಲ್ಲೇ ಇದೆ, ಗುರುತು ಸುಲಭ. ಲೈಬ್ರರಿಯ ವಿನ್ಯಾಸ ವಾಸ್ತುಶಿಲ್ಪಿ ಐ. ಎಂ. ಪೇ ಅವರದು, ಕಟ್ಟಡ 1969ರದ್ದು. ಎದುರಿಗೇ ಇನ್ನೊಬ್ಬ ವಾಸ್ತುಶಿಲ್ಪಿ ಎಲಿಯಲ್ ಸಾರಿನೆನ್ ವಿನ್ಯಾಸ ಮಾಡಿದ 1942ರ ಚರ್ಚ್.

ಇಷ್ಟು ಸಣ್ಣ ಊರಿಗೆ ಇವರೆಲ್ಲ ಹೇಗೆ ಬಂದರು ಅಂತ ಕೇಳಿದ್ದಿರಲ್ಲ? ಇದೇ ಊರಿನ, ಡೀಸೆಲ್ ಎಂಜಿನ್ ತಯಾರಿಸುವ ಕಮಿನ್ಸ್ ಕಂಪನಿಯ ಮುಖ್ಯಸ್ಥರಾಗಿದ್ದ ಜೆ. ಇರ್ವಿನ್ ಮಿಲ್ಲರ್ ಕಾರಣ. ಊರಿನ ಶಾಲೆಗಳಿಗೆ ಒಳ್ಳೆಯ ವಾಸ್ತುಶಿಲ್ಪಿಯನ್ನು ಆರಿಸಿಕೊಳ್ಳಿ, ಅವರ ಫೀಸು ಕಂಪನಿಯ ಫೌಂಡೇಶನ್ ಕೊಡುತ್ತದೆ ಎಂದರು. ಮುಂದೆ ಫೈರ್ ಸ್ಟೇಷನ್‌ಗಳಿಗೂ ಅದೇ ಏರ್ಪಾಡಾಯಿತು. ಮಕ್ಕಳು ದಿನಾ ಹೋಗುವ ಶಾಲೆಯೂ ಚೆನ್ನಾಗಿರಬೇಕು ಎಂಬ ಆ ಯೋಚನೆ ನನಗೆ ಕಟ್ಟಡಗಳಿಗಿಂತ ಜಾಸ್ತಿ ಇಷ್ಟ.

ಆಮೇಲೆ ವಾಷಿಂಗ್ಟನ್ ಬೀದಿ. ಹಳೆಯ ಇಟ್ಟಿಗೆ ಅಂಗಡಿಗಳನ್ನು ಕೆಡವದೆ, 1960ರ ದಶಕದಲ್ಲಿ ವಿನ್ಯಾಸಕಾರ ಅಲೆಕ್ಸಾಂಡರ್ ಗಿರಾರ್ಡ್ ಅವುಗಳ ಮುಂಭಾಗಕ್ಕೆ ಹೊಸ ಬಣ್ಣಗಳನ್ನು ಸೂಚಿಸಿದರು. ದಯವಿಟ್ಟು ತಲೆ ಎತ್ತಿ ಮೇಲಿನ ಅಂತಸ್ತು ನೋಡುತ್ತಾ ನಡೆಯಿರಿ, ಚಂದ ಇರುವುದೆಲ್ಲ ಅಲ್ಲೇ. ಅದೇ ಬೀದಿಯ ಜಹರಾಕೋಸ್‌ನಲ್ಲಿ ಐಸ್‌ಕ್ರೀಮ್ ತಿನ್ನೋಣ. 1900ರಲ್ಲಿ ಶುರುವಾದ ಅಂಗಡಿ. 1874ರ ಕೋರ್ಟ್ ಕಟ್ಟಡವೂ ಹತ್ತಿರವೇ ಇದೆ.

ಇರ್ವಿನ್ ಮಿಲ್ಲರ್ ಅವರ ಮನೆ ನೋಡಬೇಕೆಂದಿರುವವರು ಈಗಲೇ ಟಿಕೆಟ್ ಮಾಡಿಸಿಕೊಳ್ಳಿ, ಬೇಗ ತುಂಬಿಬಿಡುತ್ತದೆ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ. ಕಾರಿನಲ್ಲಿ ಜಾಗ ಇದ್ದರೆ ಅದನ್ನೂ ತಿಳಿಸಿ.